ಹೊಸ ಬೈಕಿನ ಹಿಂದಿನ ಸೀಟು

ಗಂಡಸರು ಸಾಮಾನ್ಯವಾಗಿ ಒಪ್ಪಿಕೊಳ್ಳದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾದಂದಿನಿಂದ ನಾನು ಹೆಂಡತಿಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತೇ ಸಂಸಾರ ಮಾಡಿದವನು. ಗಾಡಿ ಓಡಿಸಲು ಅವಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಇಷ್ಟು ಸರಳ ವಿಷಯಕ್ಕೂ ಜನ ಕಾರಣ ಕೇಳುತ್ತಿದ್ದರು. ನನ್ನ ಪಾಲಿಗೆ ಧಾರವಾಡವೆಂದರೆ ಎಡಕ್ಕೆ ಅರ್ಧ ಊರು, ಬಲಕ್ಕೆ ಅರ್ಧ ಊರು, ನಡುವೆ ಶೈಲಾಳ ಹೆರಳು. ಊರನ್ನು ನೇರ ಎದುರಿನಿಂದ ನೋಡಿದ್ದು ಅವಳು ತೀರಿಕೊಂಡ ಮೇಲೆಯೇ. ಅಷ್ಟೇನೂ ಚೆನ್ನಾಗಿಲ್ಲ.

ಶೈಲಾಳ ಸ್ಕೂಟರಿಗೆ ಕನ್ನಡಿಗಳಿರಲಿಲ್ಲ. ಸಂತೆಯ ದಿನ ಎರಡು ಆಟೋಗಳ ನಡುವೆ ನುಸುಳುವಾಗ ಅಡ್ಡ ಬರುತ್ತವೆಂದು ಅವಳೇ ಬಿಚ್ಚಿಸಿ ಅಟ್ಟಕ್ಕೆ ಹಾಕಿದ್ದಳು. “ಗಾಡಿ ಹೊಡಿಯೋರು ಹಿಂದ ನೋಡಬಾರದು. ಹಿಂದ ನೀವು ಖಾಲಿ ಕುಂತಿರತೀರಿ. ನೀವ ನೋಡಿ ಹೇಳ್ರಿ,” ಎಂದಳು. ಹೆಲ್ಮೆಟ್ಟಿನೊಳಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಹೆಲ್ಮೆಟ್ ಇಲ್ಲದಾಗಲೂ ಅಷ್ಟಾಗಿ ಕೇಳಿಸುತ್ತಿರಲಿಲ್ಲ, ಅದು ಬೇರೆ ವಿಷಯ. ಹಾಗಾಗಿ ನಮ್ಮದೇ ಒಂದು ಪದ್ಧತಿ ಬೆಳೆಯಿತು. ತಿರುವು ಬಂದಾಗ ನಾನು ಕತ್ತು ತಿರುಗಿಸಿ ನೋಡುವುದು. ಗಾಡಿ ಬರುತ್ತಿದ್ದರೆ ಅವಳ ಎಡಭುಜಕ್ಕೆ ಒಂದು ಏಟು, ರಸ್ತೆ ಖಾಲಿಯಿದ್ದರೆ ಎರಡು. ಒಂದು ಎಂದರೆ ತಡಿ, ಎರಡು ಎಂದರೆ ನಡಿ. ಎಷ್ಟೋ ಸಲ ಬೆಳಿಗ್ಗೆ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ನಮ್ಮ ನಡುವೆ ಈ ವ್ಯವಹಾರ ಮಾತ್ರ ನಿಂತಿರಲಿಲ್ಲ.

ದಿನವೂ ಅವಳು ನನ್ನನ್ನು ಕಾರ್ಖಾನೆಯ ಬಸ್ಸು ಹತ್ತಿಸಿ, ತಾನು ಸತ್ತೂರಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಕೊನೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಸ್ಕೂಟರನ್ನು ಅವಳ ಇಚ್ಛೆಯಂತೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಗೆ ಕೊಟ್ಟೆವು. ಆ ಹುಡುಗಿ ಮೊದಲ ವಾರವೇ ಅದಕ್ಕೆ ಕನ್ನಡಿ ಹಾಕಿಸಿದಳಂತೆ.

ಈ ವರ್ಷ ಕಾರ್ಖಾನೆಯ ಬಸ್ಸು ನಮ್ಮ ಭಾಗಕ್ಕೆ ಬರುವುದನ್ನು ನಿಲ್ಲಿಸಿತು. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ನಾನೇ ಹೋಗಬೇಕು. ಶೈಲಾಳ ತಮ್ಮ ವಿನಾಯಕ ಭಾನುವಾರಗಳಲ್ಲಿ ಅಲ್ಲಿನ ಖಾಲಿ ರಸ್ತೆಗಳಲ್ಲೇ ನನಗೆ ತನ್ನ ಬೈಕು ಕಲಿಸಿದ. ಲೈಸೆನ್ಸೂ ಬಂತು. “ಮಾಮಾ, ಆ ಹೈವೇದಾಗ ಲಾರಿ ಗಾಳಿಗೆ ಸಣ್ಣ ಗಾಡಿ ತೂರಾಡತಾವ. ಭಾಳ ದೊಡ್ಡದೂ ಬ್ಯಾಡ. ನಡುವಿಂದು ನೋಡೂಣು,” ಎಂದ. ನಾನು ಒಂದೊಂದು ನೆಪ ಹೇಳಿ ಮುಂದೂಡುತ್ತ ಬಂದೆ: ಅಮಾವಾಸ್ಯೆ, ಮಳೆ, ಸೊಂಟನೋವು. ನಿಜವಾದ ಕಾರಣ ಹೇಳಿದರೆ ಅವನು ನನ್ನನ್ನು ಬೈಕಿನ ಅಂಗಡಿಯ ಬದಲು ಬೇರೆಲ್ಲಿಗಾದರೂ ಕರೆದೊಯ್ಯುತ್ತಿದ್ದ. ನಾನು ಹಿಂದೆ ಕುಳಿತಿರುವವರೆಗೆ ಮುಂದೆ ಅವಳಿದ್ದಾಳೆ ಎಂದು ನನ್ನ ಲೆಕ್ಕ. ಆಟೋದಲ್ಲಿ, ಬಸ್ಸಿನಲ್ಲಿ, ವಿನಾಯಕನ ಬೆನ್ನಿಗೆ ಕುಳಿತಾಗಲೂ ಹಾಗೇ ಅನಿಸುತ್ತಿತ್ತು. ಕಲಿಯುವುದು ಬೇರೆ; ನನ್ನದೇ ಗಾಡಿಯಲ್ಲಿ ನಾನೇ ಮುಂದೆ ಕುಳಿತು ಹ್ಯಾಂಡಲ್ ಹಿಡಿದುಬಿಟ್ಟರೆ ಆ ಜಾಗ ಮುಗಿಯಿತು. ಮತ್ತೆ ಅವಳನ್ನು ಎಲ್ಲಿಡುವುದು?

ಅಂತೂ ಒಂದು ಶನಿವಾರ ಮಧ್ಯಾಹ್ನ ರಾಯಾಪುರದ ಶೋರೂಮಿಗೆ ಹೋದೆವು. ತುಂತುರು ನಿಂತು, ಸೂರ್ಯನಿಲ್ಲದ ಬಿಳಿ ಬೆಳಕು ಎಲ್ಲ ಕಡೆ ಸಮನಾಗಿ ಬಿದ್ದಿತ್ತು. ಯಾವುದಕ್ಕೂ ನೆರಳಿರಲಿಲ್ಲ. ಗಾಡಿ ತೋರಿಸಲು ಬಂದವನು ಬಸಣ್ಣ ಎಂಬ ದಪ್ಪ ಮೀಸೆಯ ಮನುಷ್ಯ. “ಕೂತು ನೋಡ್ರಿ ಸಾಹೇಬ್ರ,” ಎಂದು ಒಂದು ಬೈಕಿನ ಮುಂದೆ ನಿಲ್ಲಿಸಿದ. ನಾನು ಹಿಂದಿನ ಫುಟ್‌ರೆಸ್ಟ್ ಬಿಚ್ಚಿ, ಹತ್ತಿ, ಹಿಂದಿನ ಸೀಟಿನಲ್ಲಿ ಕುಳಿತೆ. ಬಸಣ್ಣ ಸ್ವಲ್ಪ ಹೊತ್ತು ಕಾದ.

“ಗಾಡಿ ನೀವ ಹೊಡೀತೀರೋ, ನಾ ಬಂದು ಹೊಡೀಲ್ಯೋ?”

“ಮಾಮಾ, ಮುಂದ ಸರೀರಿ,” ಎಂದ ವಿನಾಯಕ, ನೆಲ ನೋಡುತ್ತ.

ಮುಂದೆ ಸರಿದೆ. ಆ ಗಾಡಿ ಹಳೆಯ ಕಾಲದ ಅಂದದ್ದು, ಶಬ್ದವೂ ಗಂಭೀರ. ಆದರೆ ಸ್ಟ್ಯಾಂಡ್ ತೆಗೆದದ್ದೇ ತಡ, ಹಾಲು ಕೊಡಲು ಮನಸ್ಸಿಲ್ಲದ ಎಮ್ಮೆಯಂತೆ ನನ್ನ ಮೈಮೇಲೇ ವಾಲಿತು. ಬಸಣ್ಣ ಮತ್ತು ವಿನಾಯಕ ಇಬ್ಬರೂ ಹಿಡಿದು ಎತ್ತಿದರು. “ಹೊಸಬರಿಗೆ ಜೋರು ಮುಖ್ಯ ಅಲ್ರೀ,” ಎಂದ ಬಸಣ್ಣ. “ಎರಡೂ ಪಾದ ನೆಲಕ್ಕ ಪೂರ್ತಿ ಹತ್ತಬೇಕು, ಕ್ಲಚ್ ಹಗೂರ ಇರಬೇಕು, ಒಮ್ಮೆಲೆ ಬ್ರೇಕ್ ಹಿಡದ್ರ ಚಕ್ರ ಜಾರಬಾರದು. ಉಳದದ್ದೆಲ್ಲಾ ಬಣ್ಣದ ಮಾತು.” ಎರಡನೆಯದರ ಬಣ್ಣವೇನೋ ಚೆನ್ನಾಗಿತ್ತು. ಆದರೆ ಹ್ಯಾಂಡಲ್ ಹಿಡಿಯಲು ಕಳೆದುಹೋದ ನಾಣ್ಯ ಹುಡುಕುವವನ ಹಾಗೆ ಬಗ್ಗಬೇಕು. ಹಿಂದಿನ ಸೀಟಂತೂ ಎತ್ತರದಲ್ಲಿ ಅಂಟಿಸಿದ ಒಂದು ಹಿಡಿಯಷ್ಟು ರೆಕ್ಸಿನ್. “ಇದರ ಮ್ಯಾಲೆ ಯಾರು ಕುಂಡ್ರತಾರ?” ಎಂದೆ.

“ನೀವು ಒಬ್ಬರ ಅಲ್ರೀ ಹೊಡಿಯೋರು?”

ಮೂರನೆಯ ಗಾಡಿಯ ಕಡೆ ನಡೆದೆ.

ಅದು ಬೂದು ಬಣ್ಣದ, ಯಾರೂ ತಿರುಗಿ ನೋಡದಂಥ ಗಾಡಿ. ನೆಟ್ಟಗೆ ಕೂರಬಹುದು, ಪಾದ ಪೂರ್ತಿ ನೆಲಕ್ಕೆ ಹತ್ತುತ್ತದೆ, ಕ್ಲಚ್ಚು ಬೆಣ್ಣೆ. ಸೀಟು ಮುಂದಿನಿಂದ ಹಿಂದಿನವರೆಗೆ ಒಂದೇ, ಅಗಲವಾಗಿ, ಮನೆಯ ಕಟ್ಟೆಯ ಹಾಗೆ. ವಿನಾಯಕನ ಹೆಲ್ಮೆಟ್ ಹಾಕಿಕೊಂಡು ಒಬ್ಬನೇ ಹೊರಟೆ. ಬಸಣ್ಣ ಹಿಂದೆ ಹತ್ತಲು ಬಂದಾಗ ಬೇಡವೆಂದೆ. ಯಾಕೆ ಬೇಡವೆಂದೆನೋ ತಿಳಿಯದು.

ಶೋರೂಮಿನ ಗೇಟು ದಾಟಲು ಗಾಡಿ ನಿಧಾನ ಮಾಡಿದಾಗ ಹಿಂಭಾಗ ಮೆಲ್ಲಗೆ ಕುಸಿಯಿತು, ಯಾರೋ ಹತ್ತಿದಾಗ ಕುಸಿಯುವ ಹಾಗೆ. ಸ್ವಲ್ಪ ಒರಟಾಗಿಯೇ ಹತ್ತಿದ ಹಾಗಿತ್ತು. ಹಿಂದೆ ಕೂತು ಅಭ್ಯಾಸವಿಲ್ಲದವರು ಹತ್ತುವುದು ಹಾಗೆಯೇ. ರಸ್ತೆಯಲ್ಲಿ ಗಾಡಿಗಳಿದ್ದವು, ಆದರೆ ಶಬ್ದವೆಲ್ಲ ಬೇರೆ ಯಾರದೋ ಮನೆಯಿಂದ ಬರುತ್ತಿದ್ದಂತಿತ್ತು. ಹಿಂದಿರುಗಲು ಬಲಕ್ಕೆ ತಿರುಗಬೇಕು. ರಸ್ತೆಯ ಎಡಬದಿಯಲ್ಲಿ ನಿಲ್ಲಿಸಿದೆ. ಕನ್ನಡಿ ಇತ್ತು, ನೋಡಲಿಲ್ಲ. ನೋಡುವ ಅಭ್ಯಾಸವೇ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಏಟು ಬೀಳಲಿ ಎಂದು ಸುಮ್ಮನೆ ಕಾದೆ, ಅವಳು ಕಾಯುತ್ತಿದ್ದ ಹಾಗೆ.

ಎಡಭುಜಕ್ಕೆ ಒಂದು ಏಟು ಬಿತ್ತು.

ಹಾರ್ನ್ ಕೂಡ ಹೊಡೆಯದೆ ಒಂದು ಟ್ಯಾಂಕರ್ ನನ್ನ ಬಲಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ಗಾಡಿ ಅಲುಗಿತು. ಆಮೇಲೆ ಎರಡು ಏಟು. ಹೊರಟೆ. ಹಿಂದೆ ತಿರುಗಿ ನೋಡಬಹುದಿತ್ತು. ಆದರೆ ಗಾಡಿ ಓಡಿಸುವವರು ಹಿಂದೆ ನೋಡಬಾರದೆಂಬ ಅವಳ ನಿಯಮ ನನಗೂ ಅನ್ವಯಿಸುತ್ತದೆ.

ಶೋರೂಮಿಗೆ ಮರಳಿದಾಗ ಬಸಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ. “ಯಾರನ್ನರ ಹತ್ತಿಸಿಕೊಂಡಿದ್ರೇನ್ರಿ? ಹಿಂದಿನ ಫುಟ್‌ರೆಸ್ಟ್ ಎರಡೂ ಬಿಚ್ಚ್ಯಾವು. ನಾನ ಮಡಚಿ ಕೊಟ್ಟಿದ್ದೆ.”

“ಮಾಮಾ ಮದಲ ಹಿಂದ ಕೂತಿದ್ರಲ್ಲ, ಆವಾಗ ಬಿಚ್ಚಿರಬೇಕು,” ಎಂದ ವಿನಾಯಕ.

“ಅದು ಬ್ಯಾರೆ ಗಾಡಿ...” ಎಂದು ಶುರು ಮಾಡಿದ ಬಸಣ್ಣ, ನನ್ನ ಮುಖ ನೋಡಿ, ಇನ್ಶುರೆನ್ಸಿನ ಬಗ್ಗೆ ಮಾತಾಡತೊಡಗಿದ.

ಇದನ್ನೇ ಕೊಡಿ ಎಂದೆ. ಹೊರಗೆ ಬಂದ ಮೇಲೆ ವಿನಾಯಕನಿಗೆ, “ತಿರುವಿನ್ಯಾಗ ಯಾರೋ ಭುಜ ತಟ್ಟಿದಂಗಾತೋ,” ಎಂದೆ. ಅವನಿಗೆ ನಮ್ಮ ಪದ್ಧತಿ ಗೊತ್ತು. ಅಕ್ಕನನ್ನು ಅದಕ್ಕಾಗಿ ಗೇಲಿ ಮಾಡಿದವನು. ನಾನಿನ್ನೂ ತೆಗೆಯದ ಹೆಲ್ಮೆಟ್ಟಿನಿಂದ ಕೊರಳ ಬಳಿ ಜೋತಾಡುತ್ತಿದ್ದ ಪಟ್ಟಿಯ ಉದ್ದನೆಯ ತುದಿ ಹಿಡಿದು ತೋರಿಸಿದ.

“ಇದ ಬಡದಿರಬೇಕ್ರಿ ಮಾಮಾ. ಗಾಳಿಗೆ.”

“ಹೌದು, ಗಾಳಿಗೇ,” ಎಂದೆ. ನಿಂತ ಗಾಡಿಗೆ ಎಲ್ಲಿಯ ಗಾಳಿ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಕಣ್ಣು ಮಾತ್ರ ಅಗಲವಾದ ಆ ಸೀಟಿನ ಮೇಲೇ ಇತ್ತು. “ಅಕ್ಕ ಹಿಂದ ಕುಂತಿದ್ದು ನಾ ಒಮ್ಮೆನೂ ನೋಡಿಲ್ಲ ನೋಡ್ರಿ,” ಎಂದ.

ಗಾಡಿ ಮನೆಗೆ ಬಂತು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯಿತು. ಹೊಸ ಹೆಲ್ಮೆಟ್ ಕೊಂಡು, ಅದರ ಪಟ್ಟಿಯ ತುದಿಯನ್ನು ಸೂಜಿದಾರದಿಂದ ನಾನೇ ಹೊಲಿದೆ. ಅನುಮಾನಕ್ಕೆ ಜಾಗವಿರಬಾರದಲ್ಲ. ಸೋಮವಾರ ಬೆಳಿಗ್ಗೆ ಬೇಲೂರಿನ ದಾರಿಯ ದೊಡ್ಡ ತಿರುವಿನಲ್ಲಿ ನಿಂತೆ. ಕನ್ನಡಿ ನೋಡಿದೆ, ವಿನಾಯಕ ಹೇಳಿಕೊಟ್ಟ ಹಾಗೆ ಎರಡನ್ನೂ. ಹಿಂದೆ ನಿಂತ ಒಂದು ಆಟೋ ಬಿಟ್ಟರೆ ರಸ್ತೆ ಖಾಲಿ. ನನ್ನ ಬೆನ್ನ ಹಿಂದಿನ ಸೀಟೂ ಖಾಲಿ. ಹೊರಡಬಹುದಿತ್ತು. ಕೈ ಕ್ಲಚ್ ಬಿಡಲಿಲ್ಲ. ಏಟು ಬೀಳಲಿ ಎಂದು ನಿಂತೇ ಇದ್ದೆ.

ಆಟೋದವನು ತಲೆ ಹೊರಗೆ ಹಾಕಿದ. “ಏನ್ರೀ ಕಾಕಾ, ಯಾರ ಹಾದಿ ಕಾಯಾಕತ್ತೀರಿ? ನಡೀರಿ ಲಗೂನ.”

ಅವನು ಹಾರ್ನ್ ಹೊಡೆದ, ಬಿಡಿಬಿಡಿಯಾಗಿ, ಎರಡು ಸಲ. ಎರಡು ಎಂದರೆ ನಡಿ; ಹೊರಟುಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಗಾಡಿಯ ಹಿಂಭಾಗ ಯಾಕೋ ಭಾರವೆನಿಸಿತು. ಹೊಸ ಗಾಡಿ, ಇರಬಹುದು. ಅವಳು ಯಾರ ಕೈಯಿಂದ ಹೇಳಿಸಿದಳೆಂದು ವಿಚಾರಿಸುವುದು ನನಗೆ ಶೋಭಿಸುವುದಿಲ್ಲ. ಅಷ್ಟು ವರ್ಷ ಅವಳು ಹಿಂದೆ ತಿರುಗಿ ಒಮ್ಮೆಯೂ ಪರೀಕ್ಷಿಸದೆ ಹೊರಟದ್ದು ನನ್ನಂಥವನ ಬೆರಳನ್ನು ನಂಬಿ.