ಹಣ್ಣಿನ ಕೆಳಗಿನ ತಟ್ಟೆ

ನೇಕಾರ ಜೇಬೆಜ್ ಥಾರ್ಲಿಯ ಗೂಸ್‌ಬೆರಿ ಹಣ್ಣನ್ನೇ ಬೇಲಿಯಾಚೆಯ ಆಸ್ಕ್ಯೂ ಅಮ್ಮನವರು ಬೆಳ್ಳಂಬೆಳಗ್ಗೆ ದಿಟ್ಟಿಸಿ ಏನೋ ಬರೆದುಕೊಂಡದ್ದನ್ನು ಅವನು ಕಣ್ಣಾರೆ ಕಂಡ. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು.

ರೈಲು ಬಂದು ಇನ್ನೂ ಎರಡೇ ವರ್ಷವಾಗಿದ್ದ ಇಂಗ್ಲೆಂಡಿನ ಚೆಷೈರ್‌ನ ಆ ಊರಿನಲ್ಲಿ ವರ್ಷಕ್ಕೊಮ್ಮೆ ಹೆಂಡದಂಗಡಿಯಲ್ಲಿ ಗೂಸ್‌ಬೆರಿ ತೂಗುತ್ತಾರೆ. ಎಲ್ಲಕ್ಕಿಂತ ಭಾರದ ಹಣ್ಣಿಗೆ ತಾಮ್ರದ ಕೆಟಲ್ಲು ಬಹುಮಾನ. ಒಡೆದ ಹಣ್ಣನ್ನು ತಕ್ಕಡಿಗೇ ಹಾಕುವುದಿಲ್ಲ. ಜೇಬೆಜ್ ಹನ್ನೊಂದು ವರ್ಷ ಸೋತಿದ್ದ. ಈ ವರ್ಷದ ತೂಕ ಅಂದೇ ಮಧ್ಯಾಹ್ನ.

"ಈ ಸಲಾನೂ ಕೆಟಲ್ಲು ಬರ್ಲಿಲ್ಲ ಅಂದ್ರೆ ನಿಮ್ಮ ಗಿಡ ಎಲ್ಲಾ ಕಿತ್ತು ಕೋಸು ಹಾಕ್ತೀನಿ," ಎಂದಿದ್ದಳು ಹೆಂಡತಿ ಕೆಝಾಯ. ಹೇಳಿದರೆ ಮಾಡುವ ಹೆಂಗಸು. ಅದಕ್ಕೇ ಅವನು ಒಂದೇ ಒಂದು ಹಣ್ಣು ಉಳಿಸಿ, ನೀರು ಹೀರಿ ದಪ್ಪವಾಗಲೆಂದು ಅದರ ತುದಿ ಮುಳುಗುವಂತೆ ಕೆಳಗೊಂದು ನೀರಿನ ತಟ್ಟೆಯಿಟ್ಟು ಕೂಸಿನಂತೆ ಸಾಕಿದ್ದ.

ಸುದ್ದಿ ಕೇಳಿ ಬೂಟು ಹೊಲಿಯುವ ಎನಾಕ್ ಓಡಿಬಂದ. "ಬರ್ಕೊಂಡ್ಲಾ? ಕೆಟ್ಟೆ ಕಣೋ! ಇನ್ನೂರು ವರ್ಷ ಆದ್ಮೇಲೆ ಮೋಡಕ್ಕೆ ಹಗ್ಗ ಕಟ್ಟಿ ಎಳೀತಾರೆ, ಉಗಿಯಂತ್ರ ಅಡುಗೆ ಮಾಡತ್ತೆ ಅಂತೆಲ್ಲ ಕಾದಂಬರಿ ಬರ್ದವಳು ಅವಳು! ಈಗ ತೋಟದ ಪುಸ್ತಕ ಹಿಡ್ಕೊಂಡಿದಾಳೆ, ಭಾಗದ ಮೇಲೆ ಭಾಗ ಅಚ್ಚಾಗ್ತಿದೆ. ನಾನಂತೂ ಮುಟ್ಟಲ್ಲಪ್ಪ. ಅವಳು ಏನು ಹೇಳಿದ್ರೂ ಉಲ್ಟಾ ಮಾಡು."

ಯಾವ ಯಂತ್ರ ಬಚ್ಚಿಟ್ಟಿದ್ದಾಳೋ ನೋಡೇಬಿಡೋಣವೆಂದು ಜೇಬೆಜ್ ಬೇಲಿ ಹತ್ತಿದ. ಪ್ಯಾಂಟು ಮುಳ್ಳಿಗೆ ಸಿಕ್ಕಿ, ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿದ. ಕಂಡದ್ದು ಬರೀ ಗಿಡಕ್ಕೆ ನೀರು ಹಾಕುವ ಡಬ್ಬ. ಅದರ ಪಕ್ಕದಲ್ಲಿ ಎರಡು ಬೂಟು, ಬೂಟಿನೊಳಗೆ ಆಸ್ಕ್ಯೂ ಅಮ್ಮನವರು.

"ಥಾರ್ಲಿಯವರೇ, ಗೇಟು ತೆಗೆದೇ ಇದೆಯಲ್ರೀ!"

"ಹಣ್ಣು... ಗಾಳಿ... ಸುಮ್ನೆ ಬಂದೆ, ಅಮ್ಮಾ."

"ನಾನೇ ಬರೋಳಿದ್ದೆ. ಆ ತಟ್ಟೆ ಈಗ್ಲೇ ತೆಗೀರಿ. ಕೊನೇ ದಿನ ನೀರು ಹೆಚ್ಚಾದ್ರೆ ಸಿಪ್ಪೆ ಬಿರಿಯತ್ತೆ."

ಆಹಾ, ಸಿಕ್ಕಿಬಿದ್ದಳು! ಜೇಬೆಜ್ ಹರಿದ ಪ್ಯಾಂಟಿನಲ್ಲೇ ಮನೆಗೆ ಧಾವಿಸಿ ತಟ್ಟೆಗೆ ತುಂಬಿ ತುಳುಕುವಷ್ಟು ನೀರು ಸುರಿದ.

ಮಧ್ಯಾಹ್ನ ಟೋಪಿಯೊಳಗೆ ಉಣ್ಣೆ ಹಾಸಿ ಹಣ್ಣನ್ನು ಹೆಂಡದಂಗಡಿಗೆ ಮೆರವಣಿಗೆಯಲ್ಲಿ ತಂದ. ತಕ್ಕಡಿಯವನು ಎರಡು ಬೆರಳಲ್ಲಿ ಎತ್ತಿದನೋ ಇಲ್ಲವೋ, ಫಟ್! ರಸ ಪಾದ್ರಿಯ ಕನ್ನಡಕಕ್ಕೆ ಹಾರಿತು. ಉಳಿದವುಗಳಲ್ಲಿ ಎನಾಕನ ಹಣ್ಣೇ ಭಾರವಾಗಿ ಕೆಟಲ್ಲು ಅವನ ಪಾಲಾಯಿತು.

ಎನಾಕ್ ಅದನ್ನೆತ್ತಲು ಬಗ್ಗಿದಾಗ ಕೋಟಿನಿಂದ ಪುಸ್ತಕವೊಂದು ಜಾರಿಬಿತ್ತು. ಮೇಲೆ ಆಸ್ಕ್ಯೂ ಅಮ್ಮನವರ ಹೆಸರು. ಕೆಝಾಯ ಅದನ್ನೆತ್ತಿ ಮಡಿಚಿಟ್ಟ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದಳು: "ಹಣ್ಣಿಗೆ ನೀರುಣಿಸುವ ಈ ವಿದ್ಯೆಯನ್ನು ನೆರೆಯವರಾದ ಜೇಬೆಜ್ ಥಾರ್ಲಿಯವರನ್ನು ನೋಡಿ ಕಲಿತೆ. ಕೊನೆಯ ದಿನ ತಟ್ಟೆ ತೆಗೆಯಬೇಕೆಂಬುದೊಂದೇ ಅವರಿಗೆ ತಿಳಿಯದು. ಇನ್ನೊಮ್ಮೆ ಕಂಡಾಗ ಹೇಳುತ್ತೇನೆ."

ಕೆಝಾಯ ಗಂಡನ ಹರಿದ ಪ್ಯಾಂಟನ್ನೊಮ್ಮೆ ನೋಡಿದಳು. ಆಮೇಲೆ ಶಾಂತವಾಗಿ ಎನಾಕನನ್ನು ಕೇಳಿದಳು:

"ಇದ್ರಲ್ಲಿ ಕೋಸಿನ ವಿಷ್ಯ ಎಷ್ಟನೇ ಪುಟದಲ್ಲಿದೆ?"