ಹಣಮೇಶನ ಝಿಂಗಾ ಪ್ರಯೋಗ

ಹೆಂಡತಿ ಓದುವುದರ ಬಗ್ಗೆ ಹಣಮೇಶನಿಗೆ ಯಾವ ತಕರಾರೂ ಇರಲಿಲ್ಲ. ಅವನ ತಕರಾರೆಲ್ಲ ಅವಳು ಭಾನುವಾರ ಓದುವುದರ ಬಗ್ಗೆ.

ಪಂಚಶೀಲಾ ಶಹಾಪುರದ ಶಾಲೆಯೊಂದರಲ್ಲಿ ಟೀಚರು. ಎಂ.ಎ. ಮಾಡಬೇಕೆಂಬುದು ಅವಳ ಹತ್ತು ವರ್ಷದ ಆಸೆ. ಈ ಸಲ ಯಾದಗಿರಿಯಲ್ಲಿ ಪ್ರತಿ ಭಾನುವಾರ ತರಗತಿ ನಡೆಯುತ್ತದೆಂದು ತಿಳಿದು ಅರ್ಜಿ ತಂದಿಟ್ಟುಕೊಂಡಿದ್ದಳು. ಕೊನೆಯ ದಿನ ಸೋಮವಾರ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಹೀಗೆ ಎರಡು ವರ್ಷ!

ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಹಣಮೇಶ ವಾರದ ಆರು ದಿನ ಬದುಕುತ್ತಿದ್ದದ್ದೇ ಏಳನೆಯ ದಿನಕ್ಕಾಗಿ. ಅಂದು ಕ್ವಾರ್ಟರ್ಸಿನ ಹೊರಕೋಣೆಯ ಮಂಚದ ಮೇಲೆ ಮಲಗಿ ಅಡುಗೆಮನೆಯ ಕುಕ್ಕರಿನ ಸೀಟಿ ಎಣಿಸುವನು. ಐದು ಸೀಟಿಗೆ ಮಟನ್ ಬೇಯುತ್ತದೆ. ಐದನೆಯದು ಕೂಗಿದ ಕೂಡಲೇ ಎದ್ದು ಕೈ ತೊಳೆಯುವನು. (ಇದನ್ನು ಅವನು ಮನೆಗೆಲಸಕ್ಕೆ ಕೈಜೋಡಿಸುವುದು ಎನ್ನುತ್ತಿದ್ದ.)

ಹೋಗಬೇಡ ಎನ್ನೋಣವೆಂದರೆ ಬಾಯಿ ಕಟ್ಟಿಹೋಗಿತ್ತು. ಏಪ್ರಿಲ್‌ನಲ್ಲಿ ಜಯಂತಿಯ ದಿನ ನೀರಾವರಿ ಕ್ಯಾಂಪಿನ ಭವನದಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮೈಕು ಗುಡುಗುವಂತೆ ಇಪ್ಪತ್ತು ನಿಮಿಷ ಭಾಷಣ ಬಿಗಿದಿದ್ದ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೇ ಪಂಚಶೀಲಾ.

"ನಾ ಯಾಕ ಬ್ಯಾಡ ಅನ್ಲಿ? ಓದಬೇಕು ಮತ್ತ," ಎಂದ ಹಣಮೇಶ. "ಆದ್ರ ಅವ್ವನ ಊಟದ್ದೊಂದು ವಿಚಾರ ಮಾಡು."

ತಾಯಿ ತಿಮ್ಮವ್ವನಿಗೆ ಮೊಣಕಾಲು ನೋವು. ಒಲೆಯ ಮುಂದೆ ನಿಲ್ಲಲಾರಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಇಡೀ ಒಲೆಯ ಆಡಳಿತ ನಡೆಸಬಲ್ಲಳು.

"ನೀವು ಮಾಡ್ರಿ," ಎಂದಳು ಪಂಚಶೀಲಾ. "ಅಡಗಿ ಏನ್ ದೊಡ್ಡ ಮಾತು, ಕಣ್ಣು ಮುಚ್ಚಿ ಮಾಡ್ತೀನಿ ಅಂತ ದಿನಾ ಅಂತೀರಲ್ಲ!"

"ಹೌದಪಾ, ಅಂತಾನ," ಎಂದಳು ತಿಮ್ಮವ್ವ. "ಈ ಐತಾರ ಮಾಡಿ ತೋರಸ್ಲಿ. ಬಾಯಾಗ ಇಡೂ ಹಂಗ ಆತಂದ್ರ ನೀ ಕ್ಲಾಸಿಗಿ ಹೋಗವ್ವ. ಆಗ್ಲಿಲ್ಲಂದ್ರ ಎರಡು ವರ್ಷ ಉಪಾಸ ಸಾಯಾಕ ನನ್ನ ಕೈಲಿ ಆಗಂಗಿಲ್ಲ."

ಶನಿವಾರ ಕಚೇರಿಯಲ್ಲಿ ಕೂತಿದ್ದಾಗ ಹಣಮೇಶನಿಗೆ ಜ್ಞಾನೋದಯವಾಯಿತು. ಗುಮಾಸ್ತಗಿರಿಯ ಹದಿನೈದು ವರ್ಷದ ಅನುಭವ ಏನು ಹೇಳುತ್ತದೆ? ಬೇಡದ ಕೆಲಸವನ್ನು ಒಲ್ಲೆ ಎನ್ನಬಾರದು, ನೋಟಿಸು ಬರುತ್ತದೆ. ನಗುನಗುತ್ತಾ ಒಪ್ಪಿಕೊಂಡು ಚೆನ್ನಾಗಿ ಕೆಡಿಸಬೇಕು. ಸಾಹೇಬರು ತಾವಾಗಿಯೇ ಅದನ್ನು ಪಕ್ಕದ ಟೇಬಲಿಗೆ ದಾಟಿಸುತ್ತಾರೆ. ಕಾಲುವೆಗೆ ನೀರು ಬಿಡುವ ದಿನಗಳ ತಖ್ತೆಯನ್ನು ಅವನು ಒಂದೇ ಒಂದು ಸಲ ತಯಾರಿಸಿದ್ದ. ಆಮೇಲೆ ಯಾರೂ ಅದನ್ನು ಅವನ ಹತ್ತಿರ ತಂದಿರಲಿಲ್ಲ. ಅಡುಗೆ ಅದಕ್ಕಿಂತ ದೊಡ್ಡದೇ?

ಮಟನ್ ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಆದ್ದರಿಂದ ಭಾನುವಾರ ಬೆಳಿಗ್ಗೆ ಶಹಾಪುರದಲ್ಲಿ ಮುಜಫರನ ಮೀನಿನಂಗಡಿಗೆ ಹೋದ. ಬರ್ಫದ ಡಬ್ಬಿಯಲ್ಲಿ ಹೈದರಾಬಾದಿನಿಂದ ಬಂದ ಸೀಗಡಿ ಇತ್ತು. ನಮ್ಮ ಕಡೆ ಝಿಂಗಾ ಎನ್ನುತ್ತಾರಲ್ಲ, ಅದೇ. ನದಿಯ ಮೀನು ಬಿಟ್ಟರೆ ನೀರಿನ ಬೇರೆ ಯಾವ ಜೀವಿಯೂ ಹಣಮೇಶನ ಮನೆಯ ಒಲೆ ಹತ್ತಿರಲಿಲ್ಲ. ಮೀಸೆ ಹೊತ್ತು ಡೊಂಕಾಗಿ ಮಲಗಿದ್ದ ಆ ಪ್ರಾಣಿಯನ್ನು ಕಂಡು ಅವನಿಗೆ ಬಹಳ ಸಮಾಧಾನವಾಯಿತು.

ಮುಜಫರ ಅರ್ಧ ಕೇಜಿ ತೂಗಿ, ಸಿಪ್ಪೆ ಸುಲಿದು, ಬೆನ್ನಿನ ದಾರದಂಥ ಕರಿ ನರ ತೆಗೆದುಕೊಟ್ಟ. "ಸರ್, ಇದನ್ನ ಹೆಂಗ ಮಾಡ್ಬೇಕಂದ್ರ..."

"ಹೇಳಬ್ಯಾಡೋ ಮಾರಾಯ!" ಎಂದು ಹಣಮೇಶ ಎರಡೂ ಕಿವಿ ಮುಚ್ಚಿಕೊಂಡು ಅಂಗಡಿ ಇಳಿದ.

ಪಂಚಶೀಲಾ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ಕೊಟ್ಟ ಮಾತಿಗೆ ಕಟ್ಟುಬಿದ್ದು ಹೊರಕೋಣೆಯಲ್ಲಿ ಮಕ್ಕಳ ನೋಟುಬುಕ್ಕು ತಿದ್ದುತ್ತಾ ಕೂತಿದ್ದಳು. ತಿಮ್ಮವ್ವನ ಕುರ್ಚಿ ಬಾಗಿಲಿಗೆ ಬಂತು. ಹಣಮೇಶನ ಯೋಜನೆ ಸರಳ: ಅವ್ವನ ಒಂದೊಂದು ಕಾನೂನನ್ನೂ ಮುರಿಯುವುದು. ಆದರೆ ಉಪ್ಪು ಸುರಿಯುವುದು, ಖಾರ ಸುರಿಯುವುದು ಹೊಸಬರ ಕೆಲಸ, ಕೂಡಲೇ ಸಿಕ್ಕಿಬೀಳುತ್ತಾರೆ. ಫೈಲಿನಲ್ಲಿ ಸೀಲು, ಸಹಿ, ತಾರೀಖು ಸರಿ ಇರಬೇಕು, ಒಳಗಿನದೆಲ್ಲ ತಪ್ಪಿರಬೇಕು. ಝಿಂಗಾಕ್ಕೆ ಉಪ್ಪನ್ನು ಅವನು ಅಳೆದೇ ಹಾಕಿದ.

"ಅರಿಷಿಣ ಹಚ್ಚಿ ಒಂದು ತಾಸು ಇಡೋ," ಎಂದಳು ತಿಮ್ಮವ್ವ.

"ಟೈಮಿಲ್ಲ ಯವ್ವಾ."

"ಶೇಂಗಾ ಪುಡಿ, ಒಣಕೊಬ್ರಿ?"

"ಬ್ಯಾಡ."

ಡೊಣ್ಣಮೆಣಸಿನಕಾಯಿ, ಗಜ್ಜರಿ, ಬೀನ್ಸ್, ಉಳ್ಳಾಗಡ್ಡಿಗಳನ್ನು ಬೆರಳುದ್ದ ಹೆಚ್ಚಿದ. ಕಡಾಯಿಯಲ್ಲಿ ಕುಸುಬಿ ಎಣ್ಣೆ ಹೊಗೆಯಾಡುವವರೆಗೂ ಕಾಯಿಸಿದ. ಒಂದು ಹಿಡಿ ಬಳ್ಳೊಳ್ಳಿ ಜಜ್ಜಿ ಹಾಕಿ, ಉರಿ ಸಣ್ಣ ಮಾಡದೆ ಕಾಯಿಪಲ್ಲೆಯನ್ನೆಲ್ಲ ಒಮ್ಮೆಗೇ ಸುರಿದ. ಕಡಾಯಿ ಚರ್ ಎಂದು ಕಿರುಚಿತು.

"ಏ ಹಣಮ್ಯಾ! ಉರಿ ಸಣ್ಣ ಮಾಡೋ! ಒಂದು ಚರಿಗಿ ನೀರು ಹಾಕು, ಬೇಯ್ಲಿ!"

ಹಣಮೇಶ ನೀರು ಹಾಕಲಿಲ್ಲ. ಕಾಯಿಪಲ್ಲೆ ಇನ್ನೂ ಕಟಕಟ ಎನ್ನುತ್ತಿರುವಾಗಲೇ ಝಿಂಗಾ ಹಾಕಿ, ಮೆಣಸಿನ ಪುಡಿ ಉದುರಿಸಿ, ಗಡಿಯಾರ ನೋಡಿದ. ಇನ್ನು ಕೊನೆಯ, ಬ್ರಹ್ಮಾಸ್ತ್ರದಂಥ ಅಪರಾಧ. ಮಾಂಸ ಅಂದಮೇಲೆ ಐದು ಸೀಟಿ ಬೇಕು, ಇದು ಆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಅವನು ಕುಕ್ಕರನ್ನು ಮುಟ್ಟಲೇ ಇಲ್ಲ. ಸರಿಯಾಗಿ ಮೂರು ನಿಮಿಷ ಕೈಯಾಡಿಸಿ, ಒಂದು ಲಿಂಬಿಹಣ್ಣು ಹಿಂಡಿ, ಒಲೆ ಆರಿಸಿಬಿಟ್ಟ.

"ಆತಾ?" ತಿಮ್ಮವ್ವ ಹೌಹಾರಿದಳು. "ಹಸೀದು ತಿನಸ್ತೀ ಏನೋ ನನಗ?"

"ಆತು ಯವ್ವಾ. ನನ್ನ ಕೈಲಿ ಇಷ್ಟ ಆಗೋದು," ಎಂದ ಹಣಮೇಶ, ಬಹಳ ವಿನಯದಿಂದ. ಒಳಗೊಳಗೇ ಮುಂದಿನ ನೂರಾ ನಾಲ್ಕು ಭಾನುವಾರದ ಮಟನ್ನಿನ ವಾಸನೆ ಅವನ ಮೂಗಿಗೆ ಬಂದಾಗಿತ್ತು.

ತಾಟು ಬಂದವು. ಬೆಳಿಗ್ಗೆಯೇ ಪಂಚಶೀಲಾ ತಟ್ಟಿಟ್ಟಿದ್ದ ಜೋಳದ ರೊಟ್ಟಿ ಬಂತು. ತಿಮ್ಮವ್ವ ಝಿಂಗಾ ಒಂದನ್ನು ಬೆರಳಿನಿಂದ ಒತ್ತಿ, ಮೂಸಿ, ದೇವರೇ ಕಾಪಾಡಬೇಕು ಎಂಬಂತೆ ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತೆಗೆದುಕೊಂಡಳು. ಆಮೇಲೆ ತಾಟನ್ನು ಕಡಾಯಿಯ ಹತ್ತಿರಕ್ಕೆ ಸರಿಸಿದಳು.

"ಅತ್ತಿ, ಹೆಂಗದ್ರಿ?" ಎಂದಳು ಪಂಚಶೀಲಾ.

"ಮೆತ್ತಗ ಬೆಣ್ಣಿ ಆಗ್ಯಾದ! ಈ ಗಜ್ಜರಿ ನೋಡು, ಹಲ್ಲಿಗಿ ಕರಂ ಅಂತದ. ನನಗ ಅರವತ್ತೆಂಟಾದವು, ಇಂಥಾದ್ದು ತಿಂದಿಲ್ಲವ್ವ. ನೀ ನಾಳಿ ಅರ್ಜಿ ಕೊಟ್ಟು ಬಾ. ಐತಾರದ ಅಡಗಿ ಇನ್ನ ಮ್ಯಾಲ ಇವನದು!"

ಝಿಂಗಾಕ್ಕೆ ಬೇಕಾದದ್ದೇ ಜೋರು ಉರಿ, ಮೂರೇ ನಿಮಿಷ, ಮುಜಫರ ಹೇಳಹೊರಟಿದ್ದು ಇದನ್ನೇ ಎಂದು ಹೊಳೆದು ಹಣಮೇಶ ಬೆವತುಹೋದ. "ಅಲ್ಲ ಯವ್ವಾ! ಇದು ತಪ್ಪಿ ಆಗ್ಯಾದ! ನಾ ಕೆಡಿಸ್ಬೇಕಂತ..." ಎಂದು ನಾಲಿಗೆ ಕಚ್ಚಿಕೊಂಡ. ಹೊತ್ತು ಮೀರಿತ್ತು.

ಪಂಚಶೀಲಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ನಾ ಹೋಗಬಾರ್ದಂತ ಕೆಡಿಸಾಕ ಹತ್ತಿದ್ರೇನು?"

ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದ. ಬೈಯಲಿಲ್ಲ, ತುಂಬಿಬಂದ ಕಣ್ಣಿನಿಂದ ಅವನ ಮುಖ ನೋಡಿದಳು. ಹತ್ತು ವರ್ಷ ಅವಳು ಈ ಆಸೆಯನ್ನು ಬಾಯಿಬಿಟ್ಟು ಆಡಿರಲಿಲ್ಲ ಎಂಬುದು ಹಣಮೇಶನಿಗೆ ಆಗ ನೆನಪಾಗಿ, ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾತು," ಎಂದ ಮೆಲ್ಲಗೆ. ಭಾಷಣದ ಮೈಕಿನಲ್ಲಿ ಅವನು ಎಂದೂ ಬಳಸದ ಶಬ್ದ ಅದು.

ತಿಮ್ಮವ್ವ ಮಾತ್ರ ಅಗಿಯುತ್ತಲೇ ಇದ್ದಳು. ಕೊನೆಗೆ ಬೆರಳು ನೆಕ್ಕಿ, ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪಂಚಶೀಲಾ, ಅಳಬ್ಯಾಡ. ಕೆಡಿಸಿದ್ರ ಇಷ್ಟು ರುಚಿ ಆಗ್ತದ. ಇನ್ನ ಮನಸಿಟ್ಟು ಮಾಡಿದ್ರ ಹೆಂಗಿದ್ದೀತು, ವಿಚಾರ ಮಾಡು!"

ಪಂಚಶೀಲಾಳಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹಣಮೇಶನೂ ಹೇಗೋ ನಕ್ಕು, ಹಸಿವು ನೆನಪಾಗಿ, ಅಷ್ಟೊಂದು ಹೊಗಳಿಸಿಕೊಂಡ ತನ್ನ ಅಡುಗೆಯನ್ನು ತಾನೂ ಒಮ್ಮೆ ನೋಡೋಣವೆಂದು ಕಡಾಯಿಗೆ ಕೈ ಹಾಕಿದ. ತಳದಲ್ಲಿ ಒಂದು ಬೀನ್ಸ್ ತುಂಡು ಮಾತ್ರ ಇತ್ತು.

"ಬರೋ ಐತಾರ ಒಂದು ಕೇಜಿ ತರ್ರಿ," ಎಂದಳು ಪಂಚಶೀಲಾ. "ಸಂಜಿಗಿ ನಾ ಬರೂತನಾ ನನಗೂ ಇಷ್ಟು ತಗದಿಡ್ರಿ."