ಕೆಟ್ಟ ಗೋಡೆ ಕಟ್ಟುವ ಕೆಲಸಕ್ಕೆ ನನ್ನನ್ನು ಪರಿಗಣಿಸುವ ಬಗ್ಗೆ

ಇಂದ,
ಗೋಡೆಗಳಿಗೆ ನೀರು ಹಾಕುವವಳು
(ಗಾರೆ ಮೇಸ್ತ್ರಿಯ ಹಿರಿಯ ಮಗಳು),
ಗೋಡೆ ಪರೀಕ್ಷಾ ಶೆಡ್, ಹಿಂಬದಿಯ ಅಂಗಳ.

ಗೆ,
ಮಾನ್ಯ ಮುಖ್ಯ ಸಂಶೋಧಕರು,
ಗೋಡೆಗಳ ಬಲ ಮತ್ತು ಬಾಳಿಕೆ ವಿಭಾಗ,
ಮೊದಲ ಮಹಡಿ, ಫ್ಯಾನ್ ಇರುವ ಕೋಣೆ.

ವಿಷಯ: ಕೆಟ್ಟ ಗೋಡೆ ಕಟ್ಟಲು ನನ್ನನ್ನು ನೇಮಿಸಿ, ಒಳ್ಳೆಯ ಗೋಡೆ ಕಟ್ಟಲು ನನ್ನ ತಂದೆಯವರನ್ನು ಮರಳಿ ಕರೆಸಿಕೊಳ್ಳುವ ಬಗ್ಗೆ.

ಉಲ್ಲೇಖ: "ಮೇಸ್ತ್ರಿ, ನಿಮಗೆ ಈ ಕೆಲಸ ಬರಲ್ಲ, ನಾಳೆಯಿಂದ ಬರಬೇಡಿ" ಎಂಬ ತಮ್ಮ ಮೌಖಿಕ ಆದೇಶ. (ದಿನಾಂಕ ನನಗೆ ನೆನಪಿಲ್ಲ. ತಂದೆಯವರಿಗೆ ನೆನಪಿದೆ, ಕೇಳಲು ಧೈರ್ಯವಿಲ್ಲ.)

ಮಾನ್ಯರೇ,

ಇಂದು ಸಂಜೆ ಶೆಡ್ಡಿನ ಒಳ್ಳೆಯ ಗೋಡೆಗಳಿಗೆಲ್ಲ ನೀರು ಹಾಕಿ, ಒದ್ದೆ ಗೋಣಿಚೀಲಗಳನ್ನು ಮತ್ತೆ ಹೊದಿಸಿ, ಪೈಪು ಸುತ್ತಿಟ್ಟು ಬಂದಿರುತ್ತೇನೆ. ಆ ಹೊತ್ತಿನಲ್ಲಿ ತಾವು ಪಕ್ಕದಲ್ಲೇ ನಿಂತು ಬಿರುಕುಗಳ ಫೋಟೋ ತೆಗೆಯುತ್ತಿದ್ದಿರಿ. ಬಾಯಿಗೆ ಮಾತು ಬಂದೀತೆಂದು ಒಂದು ಗೋಡೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀರು ಬಿಟ್ಟೆ. ಬರಲಿಲ್ಲ. ಆ ಕಾರಣ ಮನೆಗೆ ಬಂದು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ಒಂದು ಒಳ್ಳೆಯ ಗೋಡೆ, ಒಂದು ಕೆಟ್ಟ ಗೋಡೆ ಜೊತೆಜೊತೆಗೆ ಕಟ್ಟಿಸಿ, ಎರಡಕ್ಕೂ ಉಪ್ಪುನೀರು ಕುಡಿಸಿ ಒಣಗಿಸಿ, ಕೊನೆಗೆ ಯಂತ್ರದಡಿ ಒತ್ತಿ, ಯಾವುದು ಎಷ್ಟು ತಡೆಯುತ್ತದೆಂದು ನೋಡುವುದು ತಮ್ಮ ಸಂಶೋಧನೆ. ಕೆಟ್ಟ ಗೋಡೆ ಎಂದರೆ ಇಟ್ಟಿಗೆ ನೆನೆಸದೆ, ಒಳಸಂದುಗಳಿಗೆ ಗಾರೆ ತುಂಬದೆ, ಕಟ್ಟಿದ ಮೇಲೆ ನೀರೂ ಹಾಕದೆ ಬಿಟ್ಟದ್ದು. "ಊರಲ್ಲಿರೋ ಮುಕ್ಕಾಲು ಮನೆ ಹೀಗೇ ಕಟ್ಟಿರೋದು. ಅದರೊಳಗೆ ಮಲಗೋರಿಗೆ, ಇದು ಎಷ್ಟು ವರ್ಷ ನಿಲ್ಲುತ್ತೆ ಅಂತ ಯಾರಾದ್ರೂ ಹೇಳ್ಬೇಕಲ್ಲ" ಎಂದು ತಾವು ವಿದ್ಯಾರ್ಥಿಗಳಿಗೆ ಹೇಳಿದ್ದನ್ನು ಗೋಣಿಚೀಲದ ಮರೆಯಿಂದ ಕೇಳಿಸಿಕೊಂಡಿರುತ್ತೇನೆ. ಅಂದಿನಿಂದ ನಮ್ಮ ಮನೆಯ ಗೋಡೆಗೆ ಒರಗಿ ಕೂರುವುದನ್ನು ನಿಲ್ಲಿಸಿರುತ್ತೇನೆ.

೨. ನನ್ನ ತಂದೆಯವರು (ಇನ್ನು ಮುಂದೆ "ಅಪ್ಪ") ಒಳ್ಳೆಯ ಗೋಡೆಯನ್ನು ಒಂದು ಮಾತೂ ಇಲ್ಲದೆ ಕಟ್ಟಿದರು. ಕೆಟ್ಟ ಗೋಡೆಯನ್ನೂ ಕಟ್ಟಿದರು. ವಿದ್ಯಾರ್ಥಿ ಎದುರಿಗಿದ್ದಾಗ ಸಂದು ಖಾಲಿ ಬಿಟ್ಟು, ಅವನು ಚಹಾ ಕುಡಿಯಲು ಹೋದಾಗ ಒಳ್ಳೆಯದಕ್ಕಿಂತ ಹೆಚ್ಚೇ ಒತ್ತಿ ತುಂಬಿಸಿ. ಆದ್ದರಿಂದ ಯಂತ್ರದಡಿ ಒಳ್ಳೆಯ ಗೋಡೆ ಮೊದಲು ಬಿರಿಯಿತು. ಕೆಟ್ಟದ್ದು ಜಪ್ಪಯ್ಯ ಅನ್ನಲಿಲ್ಲ. ತಾವು ಸಂತೋಷದಿಂದ ಯಾರ್ಯಾರಿಗೋ ಫೋನ್ ಮಾಡಿದಿರಿ. ವಿದ್ಯಾರ್ಥಿಗಳು ಕೈ ತಟ್ಟಿದರು. ಕಟ್ಟುವುದು ಕೆಟ್ಟಷ್ಟೂ ಗೋಡೆ ಗಟ್ಟಿಯಾಗುತ್ತದೆ ಎಂಬ ಹೊಸ ಸಂಗತಿ ಲೋಕಕ್ಕೆ ತಿಳಿಯುವುದರಲ್ಲಿತ್ತು. ಅಷ್ಟರಲ್ಲಿ ಯಾರೋ ಸುತ್ತಿಗೆ ತಂದು ಒಡೆದು, ಒಳಗೆ ನೋಡಿದರು.

೩. ಎರಡನೆಯ ಸಲ ತಾವೇ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತಿರಿ. ಅಪ್ಪ ಬೆವರುತ್ತಾ, ಹಲ್ಲು ಕಚ್ಚಿಕೊಂಡು, ಸೊಗಸಾದ ಕೆಟ್ಟ ಗೋಡೆಯೊಂದನ್ನು ಕಟ್ಟಿ ಮುಗಿಸಿದರು. ಸಂಜೆ ಗೇಟಿನ ತನಕ ನನ್ನ ಜೊತೆ ಬಂದವರು, "ಊಟದ ಡಬ್ಬಿ ಮರೆತೆ, ನೀನು ನಡೀತಿರು" ಎಂದು ವಾಪಸಾದರು. ಡಬ್ಬಿ ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಗೋಡೆ ನೆನೆದು ತಣ್ಣಗೆ ನಿಂತಿತ್ತು, ಕೈಗೆಟುಕುವ ಸಂದುಗಳೆಲ್ಲ ತುಂಬಿದ್ದವು. "ಏನ್ ಮೇಸ್ತ್ರಿ ಇದು?" ಎಂದಿರಿ. "ನಾನೇನ್ ಮಾಡ್ಲಿ ಮೇಡಂ, ಕೈ ನನ್ನ ಮಾತು ಕೇಳಲ್ಲ" ಎಂದರು ಅಪ್ಪ. ಉಲ್ಲೇಖಿತ ಆದೇಶವು ಆಗ ಹೊರಬಿದ್ದಿತು.

೪. ಆದೇಶ ನ್ಯಾಯವಾದದ್ದೇ, ತಕರಾರಿಲ್ಲ. ಆದರೆ ಇಷ್ಟು ವರ್ಷದಲ್ಲಿ "ನಿಮಗೆ ಕೆಲಸ ಬರಲ್ಲ" ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವರು ಅದನ್ನು ಯಾರಿಗೂ ಬಿಡಿಸಿ ಹೇಳುವುದಿಲ್ಲ. ಯಾಕೆ ಮನೆಯಲ್ಲಿದ್ದೀರಿ ಎಂದು ಕೇಳಿದವರಿಗೆ "ಬರಲ್ಲವಂತೆ" ಎಂದಷ್ಟೇ ಹೇಳಿ ಬೇರೆ ಕಡೆ ನೋಡುತ್ತಾರೆ. ಅವರನ್ನು ಬೇರೆ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಸಂಶೋಧನೆ ಮಾಡುವವರೇ ಬೇಡವೆಂದ ಮೇಲೆ ಮೇಸ್ತ್ರಿಯಲ್ಲಿ ಏನೋ ಐಬು ಇರಬೇಕು ಎಂದು ಊರವರು ಅಂದುಕೊಂಡಿದ್ದಾರೆ.

೫. ಇದರ ಪರಿಣಾಮವಾಗಿ ಅಪ್ಪ ಕಂಡ ಕಂಡ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡತೊಡಗಿದ್ದಾರೆ. ಪಕ್ಕದ ಮನೆಯವರ ಬಚ್ಚಲ ಗೋಡೆಯನ್ನು ಕೇಳದೆಯೇ ಸರಿಮಾಡಿದ್ದಾರೆ. ಒಳಗೆ ಸ್ನಾನ ಮಾಡುತ್ತಿದ್ದವರು ಗಾಬರಿಯಾಗಿರುತ್ತಾರೆ. "ರೀ, ನೀವು ಹೀಗೇ ಮನೇಲಿದ್ರೆ ನನ್ನೂ ಒಂದು ದಿನ ಗಾರೆ ಮೆತ್ತಿ ನಿಲ್ಲಿಸ್ತೀರಿ" ಎಂದು ಅಮ್ಮ ರೇಗುತ್ತಾಳೆ. ಅವರು ಆಚೆ ಹೋದ ಮೇಲೆ ನನಗೆ ಹೇಳುತ್ತಾಳೆ: "ಅನ್ನ ಕಲಸ್ಕೊಂಡು ಹಾಗೇ ಕೂತಿರ್ತಾರೆ ಕಣೇ. ನೀನು ದಿನಾ ಅಲ್ಲಿಗೆ ಹೋಗ್ತೀಯಲ್ಲ, ಒಂದು ಮಾತು ಕೇಳೋಕೆ ಬಾಯಿ ಇಲ್ವಾ?"

೬. ತಾವು ಕರೆಸಿದ ಹೊಸ ಮೇಸ್ತ್ರಿಯನ್ನೂ ಗಮನಿಸಿರುತ್ತೇನೆ. ಅವರು ಕೆಟ್ಟದಾಗಿ ಕಟ್ಟುತ್ತಾರೆ, ಸಂದೇಹವಿಲ್ಲ. ಒಳ್ಳೆಯ ಗೋಡೆಯನ್ನೂ ಹಾಗೇ ಕಟ್ಟುತ್ತಾರೆ. ಅವರ ಕೆಟ್ಟತನ ದಿನಕ್ಕೊಂದು ಥರ ಇರುವುದರಿಂದ, ಒಂದು ಗೋಡೆಗೂ ಇನ್ನೊಂದಕ್ಕೂ ತಾಳೆಯಾಗದೆ ತಾವು ತಲೆ ಮೇಲೆ ಕೈ ಹೊತ್ತು ಕೂತದ್ದನ್ನೂ ನೋಡಿದ್ದೇನೆ.

೭. ಈ ಎಲ್ಲ ಕಾರಣಗಳಿಂದಾಗಿ ನನ್ನ ಅರ್ಹತೆಯನ್ನು ವಿನಯಪೂರ್ವಕವಾಗಿ ನಿವೇದಿಸುತ್ತೇನೆ: ನನಗೆ ಗೋಡೆ ಕಟ್ಟಲು ಬರುವುದಿಲ್ಲ. ಶಾಲೆ ಬಿಟ್ಟು ಶೆಡ್ಡಿಗೆ ಬಂದ ಹೊಸತರಲ್ಲಿ ಕಲಿಸಿ ಎಂದು ಅಪ್ಪನನ್ನು ಕೇಳಿದ್ದೆ. "ನೀರು ಹಾಕು, ಸಾಕು. ಕರಣೆ ಹಿಡಿದ್ರೆ ಹೆಣ್ಮಕ್ಕಳ ಕೈ ಒರಟಾಗುತ್ತೆ" ಎಂದರು. ನೀರು ಹಾಕಿಯೂ ಒರಟಾಯಿತು, ಅದು ಬೇರೆ ಮಾತು.

೮. ಈ ಹುದ್ದೆಗೆ ತಯಾರಿಯಾಗಿ ಹಿತ್ತಲಲ್ಲಿ ಹಳೆಯ ಇಟ್ಟಿಗೆಗಳಿಂದ ಮೊಣಕಾಲೆತ್ತರದ ಗೋಡೆಯೊಂದನ್ನು ಕಟ್ಟಿದೆ. ಅಪ್ಪ ಬಂದು ನೋಡಿದರು.

"ಏನೇ ಇದು?"

"ಕೆಟ್ಟ ಗೋಡೆ ಅಪ್ಪಾ."

"ಇದಾ? ಇದು ಕೆಟ್ಟ ಗೋಡೆ ಅಲ್ಲ, ಇಟ್ಟಿಗೆ ಗುಡ್ಡೆ. ಕೆಟ್ಟದಾಗಿ ಕಟ್ಟೋಕೂ ಒಂದು ಹದ ಬೇಕು. ಗಾರೆ ಎಲ್ಲಿರ್ಬೇಕು ಅಂತ ಗೊತ್ತಿದ್ರೆ ತಾನೇ ಅಲ್ಲಿ ಖಾಲಿ ಬಿಡೋಕಾಗೋದು? ಕೊಡು ಇಲ್ಲಿ ಕರಣೆ."

ಹೀಗೆ ಅಪ್ಪ ನನಗೆ, ಏನು ಮಾಡಬಾರದೆಂದು ತಿಳಿಸುವ ಸಲುವಾಗಿ, ಏನು ಮಾಡಬೇಕೆಂದು ಮೊದಲಿನಿಂದ ಹೇಳಿಕೊಡತೊಡಗಿದರು. ಇಟ್ಟಿಗೆಯನ್ನು ಎಷ್ಟು ನೆನೆಸುವುದು, ದಾರ ಹೇಗೆ ಕಟ್ಟುವುದು, ಮಣಿಕಟ್ಟು ಎಲ್ಲಿ ತಿರುಗುವುದು. ಹೇಳಿಕೊಡುವಾಗ ನಗುತ್ತಾರೆ. "ಥೂ, ಚೆನ್ನಾಗಾಗಿಹೋಯ್ತಲ್ಲೇ, ಕೀಳು ಕೀಳು" ಎನ್ನುತ್ತಾರೆ. ಹೇಳಿಕೊಡಲು ಶುರುಮಾಡಿದ ದಿನ ರಾತ್ರಿ ಎರಡನೆಯ ಸಲ ಅನ್ನ ಬಡಿಸಿಕೊಂಡರೆಂದು ಅಮ್ಮ ತಿಳಿಸಿದ್ದಾಳೆ.

೯. ಆದರೆ ಇದರಿಂದ ಒಂದು ತೊಡಕು ಉಂಟಾಗಿರುತ್ತದೆ. ನನ್ನ ಅರ್ಹತೆ ದಿನದಿನಕ್ಕೆ ಕಡಿಮೆಯಾಗುತ್ತಿದೆ. ನಿನ್ನೆ ಕಟ್ಟಿದ ಸಾಲು ನೆಟ್ಟಗೆ ಬಂದಿರುತ್ತದೆ. ಖಾಲಿ ಬಿಟ್ಟ ಸಂದನ್ನು ನೋಡಿದರೆ ನನಗೂ ಕೈ ತುರಿಸುತ್ತದೆ. ತಾವು ತಡಮಾಡಿದಲ್ಲಿ ನಾನೂ ಈ ಕೆಲಸಕ್ಕೆ ಬಾರದವಳಾಗುವ ಸಂಭವವಿದ್ದು, ನಮ್ಮ ಮನೆಯಲ್ಲಿ ಇಬ್ಬರಾಗುತ್ತೇವೆ.

ಆದ್ದರಿಂದ, ನನಗೆ ಇನ್ನೂ ಕೆಟ್ಟದಾಗಿ ಕಟ್ಟಲು ಬರುತ್ತಿರುವಾಗಲೇ ನನ್ನನ್ನು ನೇಮಿಸಿ, ಒಳ್ಳೆಯ ಗೋಡೆಗಳಿಗೆ ಅಪ್ಪನನ್ನು ತಾವೇ ಬಾಯಿಬಿಟ್ಟು ಕರೆಯಬೇಕೆಂದು ಪ್ರಾರ್ಥಿಸುತ್ತೇನೆ. ಕರೆಯುವಾಗ "ಮೇಸ್ತ್ರಿ, ನಿಮಗೆ ಕೆಲಸ ಬರುತ್ತೆ" ಎಂಬ ಮಾತನ್ನೂ ಸೇರಿಸಿದಲ್ಲಿ ಅಮ್ಮ ತಮಗೆ ಚಿರಋಣಿ. ನಾನು ಕೆಟ್ಟ ಗೋಡೆ ಕಟ್ಟುವ ದಿನಗಳಲ್ಲಿ ಅಪ್ಪನನ್ನು ಶೆಡ್ಡಿನ ಆಚೆ ತುದಿಯಲ್ಲಿರಿಸಿ, ನಡುವಿನ ಬಾಗಿಲಿಗೆ ಬೀಗ ಹಾಕತಕ್ಕದ್ದು.

ತಮ್ಮ ವಿಶ್ವಾಸಿ,
(ಸಹಿ)
ನೀರು ಹಾಕುವವಳು

ಲಗತ್ತುಗಳು:
೧. ಮಾದರಿ ಗೋಡೆ. ಹೊತ್ತು ತರಲಾಗದ ಕಾರಣ ಹಿತ್ತಲಲ್ಲೇ ಇದೆ. ಬಂದು ನೋಡಬಹುದು, ಒರಗಬಾರದು.
೨. ತಂದೆಯವರ ಒಪ್ಪಿಗೆ ಪತ್ರ. ಕೇಳಿಲ್ಲ, ಆದ್ದರಿಂದ ಲಗತ್ತಿಸಿಲ್ಲ.

ವಿ. ಸೂ.: ಮೇಲಿನ ಲಗತ್ತು ೧ರ ಎದುರು ಅಪ್ಪ ಈಗ ಕುಕ್ಕರಗಾಲಲ್ಲಿ ಕೂತು, ನಾನು ಇಂದು ಬಹಳ ಕಷ್ಟದಿಂದ ಖಾಲಿ ಬಿಟ್ಟ ಸಂದಿನೊಳಗೆ ಬೆರಳು ಹಾಕಿ ನೋಡುತ್ತಿದ್ದಾರೆ. ಪಕ್ಕದಲ್ಲಿ ಬಾಣಲೆ ತುಂಬ ಗಾರೆ ಇದೆ, ನಾನು ಕಲಸಿದ್ದಲ್ಲ. "ಅಪ್ಪಾ, ಅದೊಂದು ಸಂದು ಹಾಗೇ ಇರ್ಲಿ, ಬಿಡಿ" ಎಂದು ಈಗಷ್ಟೇ ಎರಡನೆಯ ಸಲ ಕೋರಿಕೊಂಡಿರುತ್ತೇನೆ.